ಉಣ್ಣುವುದನ್ನು ನೋಡುತ್ತಿದ್ದ ಮಾಳಮ್ಮ

ಉಣ್ಣುವವರನ್ನು ದಿಟ್ಟಿಸಿ ನೋಡಬಾರದು ಎನ್ನುವುದು ನಮ್ಮ ಕಡೆ ಆಡುವ ಮಕ್ಕಳಿಗೂ ಗೊತ್ತು. ಹಾದಿಯಲ್ಲಿ ಹೋಗುವವರ ಕಣ್ಣು ಬಿದ್ದೀತೆಂದು ಊಟದ ಹೊತ್ತಿಗೆ ಬಾಗಿಲು ಓರೆ ಮಾಡುವ ಹೆಂಗಸರ ನಡುವೆಯೇ ನಾನು ಬೆಳೆದವನು. ಮಾಳಮ್ಮನವರ ಕಸುಬೇ ಉಣ್ಣುವವರನ್ನು ನೋಡುವುದಾಗಿತ್ತು. ಸರಿಯಾಗಿ ಊಟದ ಹೊತ್ತಿಗೇ ಮನೆಗೆ ಬರುತ್ತಿದ್ದರು. ಕೈಚೀಲ ಪಕ್ಕಕ್ಕಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕೂತರೆಂದರೆ, ನೀವು ಮೊದಲ ತುತ್ತು ಎತ್ತಿದಲ್ಲಿಂದ ಕೈ ತೊಳೆಯುವವರೆಗೆ ಅವರ ಕಣ್ಣು ನಿಮ್ಮ ತಾಟು ಬಿಟ್ಟು ಕದಲುತ್ತಿರಲಿಲ್ಲ. ಮಾತಿಲ್ಲ, ಬರೆದುಕೊಳ್ಳುವುದಿಲ್ಲ, ಮೊಬೈಲ್ ತೆಗೆಯುವುದಿಲ್ಲ. ಬೆಕ್ಕು ಹಾಲಿನ ಪಾತ್ರೆ ನೋಡಿದ ಹಾಗೆ ಬರೀ ನೋಟ.

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಔಷಧದ ಅಂಗಡಿಯೊಂದರ ಮಹಡಿಯ ಮೇಲೆ ಅವರ ಕೋಣೆ. ಬಾಗಿಲಿಗೆ ಡಯಟೀಷಿಯನ್ ಎಂದು ಬೋರ್ಡು. ಬೋರ್ಡಿನ ಮೇಲೆ ಮಾಳಮ್ಮ ಎನ್ನುವ ಹೆಸರು ನೋಡಿ ಬಹಳ ಜನ ಒಳಗೆ ಹೋಗದೆ ಮೆಟ್ಟಿಲಲ್ಲೇ ಅನುಮಾನಿಸುತ್ತಿದ್ದರಂತೆ. ಧಾರವಾಡದಲ್ಲಿ ಓದುವಾಗ ಗೆಳತಿಯರು ಮಾಲಾ ಎಂದೋ ಮಾಲಿನಿ ಎಂದೋ ಬದಲಾಯಿಸಿಕೋ ಎಂದು ಗಂಟುಬಿದ್ದಿದ್ದರು. ಇವರು ಜಗ್ಗಲಿಲ್ಲ.

“ಮಾಳಪ್ಪ ದೇವರ ಹೆಸರದ್ರಿ ಅದು. ಬದಲ್ ಮಾಡಿದ್ರ ನಮ್ಮಜ್ಜ ಕಂಬಳಿ ಬೀಸಿ ಹೊಡೀತಾನ” ಎಂದು ನಗುತ್ತಿದ್ದರು. ದೇವದುರ್ಗ ತಾಲ್ಲೂಕಿನ ಕುರಿ ಕಾಯುವ ಮನೆತನ ಅವರದು. ವಯಸ್ಸು ಮೂವತ್ತರ ಆಜುಬಾಜು. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಜಡೆ, ಇಳಕಲ್ ಸೀರೆ, ಕಾಲಲ್ಲಿ ಮಾತ್ರ ಓಡುವವರ ಬೂಟು. ಆ ಬೂಟು ಮತ್ತು ಸೀರೆಯ ಜೋಡಿಯನ್ನು ನೋಡಿ ಮೊದಲ ದಿನ ನನಗೆ ನಗು ತಡೆಯಲಾಗಲಿಲ್ಲ. ಅವರೂ ನನ್ನ ಹೊಟ್ಟೆ ನೋಡಿ ನಕ್ಕರು. ಅಲ್ಲಿಗೆ ಲೆಕ್ಕ ಸಮವಾಯಿತು.

ತೂಕ ಇಳಿಸುವ ಆಸೆ ನನಗೆಂದೂ ಇರಲಿಲ್ಲವೆಂದು ಇಲ್ಲೇ ಹೇಳಿಬಿಡುತ್ತೇನೆ. ಗುಂಜಹಳ್ಳಿ ಕಡೆ ನಮ್ಮದೊಂದು ಅಕ್ಕಿ ಗಿರಣಿ. ಗಿರಣಿ ಸಾಹುಕಾರನ ಹೊಟ್ಟೆ ಎಂದರೆ ಅಂಗಡಿಗೆ ಬೋರ್ಡು ಇದ್ದ ಹಾಗೆ; ಅದು ಕರಗಿದರೆ ವ್ಯಾಪಾರ ಕರಗಿತೆಂದು ಜನ ತಿಳಿಯುತ್ತಾರೆ. ನಾನು ಮಾಳಮ್ಮನವರ ಮೆಟ್ಟಿಲು ಹತ್ತಿದ್ದು ಅಕ್ಕನಿಗಾಗಿ.

ಅಕ್ಕ ಶಾಂತಮ್ಮನನ್ನು ಮಾನ್ವಿಗೆ ಕೊಟ್ಟಿದೆ. ಅವ್ವ ಬೇಗ ತೀರಿಹೋದದ್ದರಿಂದ ನನ್ನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು ಅವಳೇ. ಅವಳಿಗೆ ಮಕ್ಕಳಾಗಲಿಲ್ಲ, ಆ ಜಾಗದಲ್ಲೂ ನಾನೇ ಇದ್ದೆ. ಅವಳ ಎರಡೂ ಕಿಡ್ನಿ ಕೈಕೊಟ್ಟವು. ದಿನ ಬಿಟ್ಟು ದಿನ ಎನ್ನುವ ಹಾಗೆ ರಾಯಚೂರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುತ್ತಿದ್ದಳು. ಅವಳ ಗಂಡನಿಗೆ, ಅಂದರೆ ನಮ್ಮ ಮಾವನಿಗೆ, ಮೊದಲಿನಿಂದಲೂ ಸಕ್ಕರೆ ಕಾಯಿಲೆ, ಅವರು ಕೊಡುವ ಹಾಗಿಲ್ಲ. ಉಳಿದವನು ನಾನೊಬ್ಬನೇ. ಹೈದರಾಬಾದಿನ ಆಸ್ಪತ್ರೆಯಲ್ಲಿ ನೋಡಿದರು, ರಕ್ತ ಹೊಂದಿತು, ಎಲ್ಲ ಹೊಂದಿತು, ತೂಕವೊಂದು ಹೊಂದಲಿಲ್ಲ. “ಇರುವ ಎರಡರಲ್ಲಿ ಒಂದು ತೆಗೆದು, ಉಳಿದ ಒಂದರ ಮೇಲೆ ಇಷ್ಟು ಭಾರ ಹೊರಿಸಿದರೆ ನಾಳೆ ನೀವೂ ಇಲ್ಲೇ ಬಂದು ಮಲಗಬೇಕಾಗುತ್ತದೆ. ಇಳಿಸಿಕೊಂಡು ಬನ್ನಿ” ಎಂದು ಡಾಕ್ಟರು ಕಳಿಸಿಬಿಟ್ಟರು. ಇದನ್ನು ಅಕ್ಕನಿಗೆ ಹೇಳಲಿಲ್ಲ. ತಮ್ಮನ ಕಿಡ್ನಿ ಎಂದರೆ ಅವಳು ಆಸ್ಪತ್ರೆಯ ಹೊಸ್ತಿಲನ್ನೂ ತುಳಿಯುವುದಿಲ್ಲವೆಂದು ನನಗೂ ಮಾವನಿಗೂ ಗೊತ್ತಿತ್ತು. ಯಾರೋ ದಾನಿ ಸಿಗುತ್ತಾರಂತೆ ಎಂದು ಹೇಳಿ ಇಟ್ಟಿದ್ದೆವು.

ಮಾಳಮ್ಮ ಎಲ್ಲವನ್ನೂ ಕೇಳಿಕೊಂಡರು. ತಕ್ಕಡಿಯ ಮೇಲೆ ನಿಲ್ಲಿಸಲಿಲ್ಲ, ಇದು ತಿನ್ನಿ ಅದು ಬಿಡಿ ಎನ್ನಲಿಲ್ಲ. “ನಾಳೆ ಮಧ್ಯಾಹ್ನ ಎಷ್ಟಕ್ಕ ಉಣ್ತೀರಿ? ಬರ್ತೀನಿ” ಎಂದರು ಅಷ್ಟೆ.

ಬಂದರು, ಕೂತರು, ನೋಡಿದರು. ನನ್ನ ಹೆಂಡತಿ ಗಿರಿಜೆಗೆ ಅಡುಗೆಮನೆಯಲ್ಲಿ ನಿಲ್ಲಲಾಗುತ್ತಿಲ್ಲ, ಕೂರಲಾಗುತ್ತಿಲ್ಲ. ಅವರು ಅತ್ತ ಹೋದದ್ದೇ ತಡ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. “ಎಂಥಾ ಡಾಕ್ಟರ್ ಬಾಯೀರಿ ಅಕಿ? ನೀವು ಉಂಡದ್ದೆಲ್ಲಾ ಕಣ್ಣಾಗ ಎಣಿಸಿ ಒಯ್ದಳು!”

ಮರುದಿನ ನಾನು ಸಂಕೋಚ ಬಿಟ್ಟು ಕೇಳಿಯೇಬಿಟ್ಟೆ, “ಮೇಡಂ, ಹಿಂಗ ನೋಡೋದು ಕಾಲೇಜಿನ್ಯಾಗ ಕಲಿಸ್ತಾರೇನ್ರಿ?”

“ಇಲ್ರಿ ಸಾವಕಾರ್ರ, ಇದು ನಮ್ಮಜ್ಜಂದು. ಕುರಿಗೆ ಬ್ಯಾನಿ ಬಂದ್ರ ಅದು ಬಾಯಿಬಿಟ್ಟು ಹೇಳ್ತದೇನು? ಅಜ್ಜ ಬದುವಿನ ಮ್ಯಾಲ ಕುಂತು ಮೇಯೋದು ನೋಡ್ತಿದ್ದ. ಯಾವುದು ಗಬಗಬ ತಿಂತದ, ಯಾವುದು ಮೂಸಿ ಬಿಡ್ತದ, ಯಾವುದು ಹೊಟ್ಟಿ ತುಂಬಿದ್ರೂ ಮತ್ತೊಂದು ಕುರಿ ತಿಂತದಂತ ತಾನೂ ಬಾಯಿ ಹಾಕ್ತದ. ಸಂಜಿಗೆ ಹಟ್ಟಿಗೆ ಬರೋದ್ರಾಗ ಅವಂಗ ಎಲ್ಲಾ ತಿಳೀತಿತ್ತು. ಮಂದೀನೂ ಹಂಗಽ. ಏನು ತಿಂತೀರಿ ಅಂತ ಕೇಳಿದ್ರ ಅರ್ಧಾ ಹೇಳ್ತಾರ. ಸುಳ್ಳು ಹೇಳ್ತಾರಂತಲ್ಲ, ಅವರಿಗೇ ನೆನಪಿರಂಗಿಲ್ಲ.”

“ಅಂದ್ರ ನಾನು ಕುರಿ ಅಂತೀರೇನು?”

“ಟಗರು ಅಂತ ತಿಳ್ಕೋರಿ.”

ನನ್ನ ಮೇಯುವಿಕೆಯಲ್ಲಿ ಅವರು ಕಂಡುಹಿಡಿದ ತಪ್ಪು ನನ್ನದಲ್ಲ, ಗಿರಿಜೆಯ ಕೈಯದು. ನಮ್ಮಲ್ಲಿ ಗಂಡಸಿನ ತಾಟು ಬರಿದಾಗುವುದನ್ನು ಕಾಯುವ ಪದ್ಧತಿಯಿಲ್ಲ. ಅರ್ಧ ರೊಟ್ಟಿ ಉಳಿದಿರುವಾಗಲೇ ಬಿಸಿ ರೊಟ್ಟಿ ಬಂದು ಬೀಳುತ್ತದೆ. ಅದು ಮುಗಿಯುವ ಮೊದಲೇ ಅನ್ನ, ಅನ್ನದ ಮೇಲೆ ಸಾರು, ಸಾರು ಹೆಚ್ಚಾಯಿತೆಂದು ಮತ್ತೆ ಅನ್ನ. ಕೇಳಿ ಬಡಿಸಿದರೆ ಅದು ಖಾನಾವಳಿ. ಮಾಳಮ್ಮ ಗಿರಿಜೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಅಕ್ಕಾರ, ನಿಮ್ಮ ಯಜಮಾನ್ರು ತಮ್ಮ ತಾಟಿನ ತಳಾನ ನೋಡಿಲ್ಲ. ಒಂದು ಸಲ ತೋರಸ್ರಿ. ಪೂರಾ ಖಾಲಿ ಆಗಲಿ. ಅವರಾಗೇ ಕೇಳಿದ್ರ ಬಡಿಸ್ರಿ, ಕೇಳಲಿಲ್ಲಂದ್ರ ಸುಮ್ಮಕುಂದರ್ರಿ” ಎಂದರು.

“ಖಾಲಿ ತಾಟಿನ ಮುಂದ ಗಂಡನ್ನ ಕೂಡಿಸಿ ನೋಡ್ಕೋತ ಕುಂದರಬೇಕಾ? ನಮ್ಮತ್ತಿ ಇದ್ದಿದ್ರ ನನ್ನ ತವರಿಗೆ ಕಳಸ್ತಿದ್ರು!”

“ಕಳಸಲಿ ಬಿಡ್ರಿ. ಅಲ್ಲಿ ನಾಕು ದಿನ ನಿಮ್ಮ ತಾಟಿಗೆ ನಿಮ್ಮವ್ವ ಬಡಿಸ್ತಾರ.”

ಗಿರಿಜೆ ನಕ್ಕಳು. ಅವತ್ತು ಮಧ್ಯಾಹ್ನ ಕೈ ಕಟ್ಟಿಕೊಂಡು, ತುಟಿ ಕಚ್ಚಿಕೊಂಡು ನನ್ನೆದುರು ಕೂತಳು. ತಾಟು ಬರಿದಾಯಿತು. ಸ್ಟೀಲಿನ ತಳದಲ್ಲಿ ನನ್ನ ಮುಖ ಕಂಡಿತು. ಬೇಕೋ ಬೇಡವೋ ಎಂದು ಹೊಟ್ಟೆಯನ್ನು ವಿಚಾರಿಸಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ ಅದಕ್ಕೂ ಒಂದು ಮಾತು ಆಡಲು ಅವಕಾಶ ಸಿಕ್ಕಿತ್ತು. ಬೇಡ ಎಂದಿತು. ಗಿರಿಜೆಯ ಕಣ್ಣಲ್ಲಿ ನೀರು ಬಂದದ್ದು ಬೇರೆ ಮಾತು.

ಮೊದಲು ಸ್ವಲ್ಪ ಇಳಿದೆ. ಆಮೇಲೆ ತಕ್ಕಡಿಯ ಮುಳ್ಳು ಅಂಟಿಕೊಂಡಂತೆ ನಿಂತುಬಿಟ್ಟಿತು. ಮಾಳಮ್ಮ ಮನೆಯಲ್ಲಿ ಮತ್ತೆ ನೋಡಿದರು, ಏನೂ ಸಿಗಲಿಲ್ಲ. ಒಂದು ದಿನ ಹೇಳದೆ ಕೇಳದೆ ಗಿರಣಿಗೆ ಬಂದರು.

ಸುಗ್ಗಿ ಮುಗಿದು ಹೊಸ ಸೋನಾ ಮಸೂರಿ ಬರುವ ಕಾಲ. ನಮ್ಮ ವ್ಯಾಪಾರದಲ್ಲಿ ಅಕ್ಕಿಯನ್ನು ಕಣ್ಣಲ್ಲಿ ನೋಡಿ, ಹಲ್ಲಲ್ಲಿ ಕಡಿದು ನೋಡಿದರೆ ಸಾಲದು, ಅನ್ನ ಮಾಡಿ ನೋಡಬೇಕು. ಒಂದೊಂದು ಮಾಲಿನಿಂದ ಒಂದೊಂದು ಹಿಡಿ ತೆಗೆದು ನಮ್ಮ ಮುನೀಮ ವೀರೇಶ ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸುತ್ತಾನೆ. ಅದು ಉದುರಾಗಿ ನಿಲ್ಲುತ್ತದೋ, ಮುದ್ದೆಯಾಗುತ್ತದೋ, ತಣ್ಣಗಾದಾಗ ಗಟ್ಟಿಯಾಗುತ್ತದೋ ಎನ್ನುವುದನ್ನು ಬಾಯಿಗೇ ಹಾಕಿಕೊಂಡು ಹೇಳುವವನು ನಾನು. ನಮ್ಮಪ್ಪನಿಂದ ಬಂದ ನಾಲಿಗೆ ಅದು. ಮಾಳಮ್ಮ ಬಂದಾಗ ನನ್ನ ಮುಂದೆ ಪಾತ್ರೆಗಳ ಸಾಲು. ಬಿಸಿಯಲ್ಲಿ ಒಂದು ತುತ್ತು, ಆರಿದ ಮೇಲೆ ಒಂದು ತುತ್ತು, ಮೊಸರು ಹಾಕಿ ಒಂದು ತುತ್ತು. ಮೂಲೆಯ ಮೂಟೆಯ ಮೇಲೆ ಕೂತು ಅವರು ಎಲ್ಲವನ್ನೂ ನೋಡಿದರು.

“ಸಾವಕಾರ್ರ, ಇದನ್ನ ನನಗ ಹೇಳೇ ಇಲ್ಲಲ್ರೀ!”

“ಏನು ಹೇಳಬೇಕಿತ್ರಿ?”

“ದಿನಾ ಇಷ್ಟು ಅನ್ನ ಉಣ್ತೀನಂತ.”

“ಏ, ಇದು ಊಟಲ್ರಿ ಮೇಡಂ. ಇದು ಕೆಲಸ!”

ಪಾತ್ರೆ ತೊಳೆಯುತ್ತಿದ್ದ ವೀರೇಶ ಕಿಸಕ್ಕನೆ ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ. ಆ ಅನ್ನ ನನ್ನ ಹೊಟ್ಟೆಗೆ ಹೋಗುತ್ತದೆಂದು ನನಗೆ ನಿಜವಾಗಿಯೂ ಹೊಳೆದಿರಲಿಲ್ಲ. ಅದು ಮಾಲಿನ ಲೆಕ್ಕಕ್ಕೆ ಹೋಗುತ್ತದೆಂದೇ ತಿಳಿದಿದ್ದೆ.

ಮಾಳಮ್ಮ ಯೋಚನೆ ಮಾಡಿ, ಚಹಾ ವ್ಯಾಪಾರದವರು ರುಚಿ ನೋಡಿ ಉಗುಳುತ್ತಾರಂತೆ, ಹಾಗೆಯೇ ಬಾಯಲ್ಲಿ ಆಡಿಸಿ ಉಗುಳಿಬಿಡಿ ಎಂದರು. ನನಗೆ ಎಲ್ಲಿಂದ ಸಿಟ್ಟು ಬಂತೋ ಗೊತ್ತಿಲ್ಲ. “ಅನ್ನ ಉಗುಳೋದಾ? ಈ ಜಾಗದಾಗ ನಮ್ಮಪ್ಪ ಚೆಲ್ಲಿದ ಅಕ್ಕಿಕಾಳು ಆರಿಸಿ ಹಣಿಗೆ ಹಚ್ಚಿಕೊಂತಿದ್ದ. ತೂಕ ಇಳೀಲಿಲ್ಲಂದ್ರ ಇಳೀಲಿಲ್ಲ, ಇದೊಂದು ಮಾತು ನನ್ನ ಮುಂದ ಆಡಬ್ಯಾಡ್ರಿ” ಎಂದುಬಿಟ್ಟೆ. ವೀರೇಶನ ನಗು ನಿಂತಿತು.

ಬೇರೆಯವರಾಗಿದ್ದರೆ ಚೀಲ ಎತ್ತಿಕೊಂಡು ನಡೆಯುತ್ತಿದ್ದರು. ಮಾಳಮ್ಮ ಮೂಟೆಯಿಂದ ಇಳಿದು ಬಂದರು. “ತಪ್ಪಾತ್ರಿ ಸಾವಕಾರ್ರ. ಈ ಮಾತು ನಮ್ಮವ್ವ ಕೇಳಿದ್ರ ಬಾಯಿ ಮ್ಯಾಲ ಹೊಡೀತಿದ್ಲು. ನಾ ಸಣ್ಣಾಕಿದ್ದಾಗ ಅನ್ನ ಅಂದ್ರ ನಮಗ ಹಬ್ಬದ ದಿನದ್ದು. ಓದಿಕೋತ ಅದನ್ನ ಮರತೆ ನೋಡ್ರಿ” ಎಂದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಪಾತ್ರೆಗಳ ಮುಂದೆ ಕೂತು, ಹಾಗಾದರೆ ಒಂದು ಕೆಲಸ ಮಾಡೋಣ ಎಂದರು. “ಇಲ್ಲಿ ಉಂಡದ್ದೇ ನಿಮ್ಮ ಅನ್ನ. ಮನ್ಯಾಗ ಅನ್ನ ಬಂದ್. ಜ್ವಾಳದ ರೊಟ್ಟಿ, ಬ್ಯಾಳಿ, ಕಾಯಿಪಲ್ಯ, ಮಜ್ಜಿಗಿ. ಮಾಲು ಜಾಸ್ತಿ ಬಂದ ದಿನ ರೊಟ್ಟೀನೂ ಕಡಿಮಿ. ಕೆಲಸಾನೂ ಊಟಾನೂ ಒಂದೇ ತಾಟಿನ್ಯಾಗ ಹಾಕಿದ್ರಾತು.”

ಅದು ಹಿಡಿಯಿತು. ಆದರೆ ಅಕ್ಕಿ ಗಿರಣಿ ಸಾಹುಕಾರರ ಮನೆಯಲ್ಲಿ ಅನ್ನ ಮಾಡುವುದಿಲ್ಲವಂತೆ ಎನ್ನುವ ಸುದ್ದಿ ಪೇಟೆಯಲ್ಲಿ ಹಬ್ಬಿ, ಶಕ್ತಿನಗರದ ಅಂಗಡಿಯವನೊಬ್ಬ ಫೋನು ಮಾಡಿ, “ಯಾಕ್ರೀ, ಈ ಸಲದ ಮಾಲಿನ್ಯಾಗ ಏನರ ದೋಷ ಅದೇನು? ನೀವೇ ಉಣವಲ್ರಂತಲ್ಲ!” ಎಂದು ಕೇಳಿದ. ಅವನಿಗೆ ಸಮಾಧಾನ ಹೇಳುವಷ್ಟರಲ್ಲಿ ನಾನು ಇನ್ನಷ್ಟು ಸಣ್ಣಗಾಗಿದ್ದೆ.

ಉಳಿದದ್ದು ಮಾನ್ವಿ. ವಾರಕ್ಕೊಮ್ಮೆ ಅಕ್ಕನನ್ನು ನೋಡಲು ಹೋಗುತ್ತಿದ್ದೆ. ಅವಳಿಗೆ ಉಪ್ಪು ಕಡಿಮೆ, ಹಣ್ಣು ಬೇಡ, ಬೇಳೆಗೂ ಅಳತೆ. ನಾಲಿಗೆಗೆ ರುಚಿಯೇ ಸತ್ತುಹೋಗಿತ್ತು. ಆದರೆ ತಮ್ಮ ಬರುತ್ತಾನೆಂದರೆ ಬೆಳಗಿನಿಂದ ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಿಸುವಳು. ನಿಲ್ಲಲು ತ್ರಾಣವಿಲ್ಲದಿದ್ದರೂ ಒಲೆಯ ಮುಂದೆ ಮಣೆ ಹಾಕಿಕೊಂಡು ತಾನೇ ಹೋಳಿಗೆ ಬೇಯಿಸುವಳು. ಅದರ ಮೇಲೆ ತುಪ್ಪದ ಧಾರೆ. “ತಿನ್ನೋ ತಮ್ಮಾ. ಯಾಕ ಹಿಂಗ ಸೊರಗಾಕತ್ತೀ? ನನ್ನ ಚಿಂತಿ ಹಚ್ಕೊಂಡೀಯೇನು?” ಎಂದು ಎದುರಿಗೆ ಕೂರುವಳು. ಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ವಾರವಿಡೀ ಇಳಿದದ್ದು ಒಂದು ಮಧ್ಯಾಹ್ನದಲ್ಲಿ ವಾಪಸು ಬರುತ್ತಿತ್ತು. ಅತ್ತ ಹೈದರಾಬಾದಿನವರು, ಡಯಾಲಿಸಿಸ್ ಮೇಲೆ ಎಷ್ಟು ದಿನ ಎಳೆಯುತ್ತೀರಿ, ರೋಗಿಯ ಹೃದಯ ಸೋಲುತ್ತಿದೆ ಎಂದು ಎಚ್ಚರಿಸಿದ್ದರು.

ಮಾಳಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೂಟು ಕಟ್ಟಿಕೊಂಡು, “ನಡೀರಿ, ಅಕ್ಕಾರ ಊಟಾನೂ ನೋಡಿಬರೋಣು” ಎಂದರು.

ಅಕ್ಕ ಇಬ್ಬರಿಗೂ ತಾಟು ಹಾಕಿದಳು. ಎರಡು ಹೋಳಿಗೆ ನನಗೆ, ಎರಡು ಅವರಿಗೆ. ಮಾಳಮ್ಮ ಉಣ್ಣಲಿಲ್ಲ, ನನ್ನನ್ನೂ ನೋಡಲಿಲ್ಲ. ಅಂದು ಅವರು ನೋಡಿದ್ದು ಅಕ್ಕನನ್ನು. ನನ್ನ ಬೆರಳು ಹೋಳಿಗೆ ಮುರಿದರೆ ಅಕ್ಕನ ತುಟಿ ಅಲುಗುತ್ತಿತ್ತು. ಅಷ್ಟು ವಾರ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

“ಯವ್ವಾ, ಇವರಿಗೆ ಇಷ್ಟ್ಯಾಕ ಉಣ್ಣಸ್ತೀರಿ?” ಎಂದು ಮಾಳಮ್ಮ ಮೆಲ್ಲಗೆ ಕೇಳಿದರು.

“ನನಗಂತೂ ಉಣ್ಣಾಕ ಬರಂಗಿಲ್ಲವ್ವಾ. ಅವ ಉಂಡ್ರ ನಾ ಉಂಡಂಗ ಆಗ್ತದ.”

ಮಾಳಮ್ಮ ನನ್ನ ಕಡೆ ತಿರುಗಿದರು. “ಸಾವಕಾರ್ರ, ಇನ್ನ ನೀವು ಹೇಳ್ರಿ. ಇದು ನಾ ಹೇಳೋ ಮಾತಲ್ಲ.”

ಬಾಯಲ್ಲಿದ್ದ ತುತ್ತು ನುಂಗಿ ಹೇಳಿದೆ. ದಾನಿ ನಾನೇ ಎಂದು, ಸೊರಗುತ್ತಿರುವುದು ಅದಕ್ಕೇ ಎಂದು. ಅಕ್ಕ ಮೊದಲು ಮಾವನನ್ನು ನೋಡಿದಳು. ಮಾವ ನೆಲ ನೋಡಿದರು. ಆಮೇಲೆ ಅವಳ ಧ್ವನಿ ಏರಿತು. “ನಾ ಎತ್ತಿ ಆಡಿಸಿದ ಕೂಸಿನ ಹೊಟ್ಟಿ ಕೊಯ್ಸಿ ನಾ ಬದುಕಬೇಕೇನು? ಗಿರಿಜಾನ ಮುಖ ಹ್ಯಾಂಗ ನೋಡ್ಲಿ? ಬ್ಯಾಡ. ನನಗ ಯಾರ ಕಿಡ್ನೀನೂ ಬ್ಯಾಡ. ಎದ್ದು ಹೋಗ್ರಿ ಎಲ್ಲಾರೂ!”

ನಾನು ಏಳಲು ಹೊರಟಿದ್ದೆ. ಮಾಳಮ್ಮ ಕೂತಲ್ಲಿಂದ ಕದಲಲಿಲ್ಲ.

“ಬ್ಯಾಡ ಅನ್ರಿ ಯವ್ವಾ. ಅದು ನಿಮ್ಮ ಹಕ್ಕು, ಯಾರೂ ಕಸಗೊಳ್ಳಂಗಿಲ್ಲ. ಆದ್ರ ಇವರು ಇಳೀಲಿಲ್ಲಂದ್ರ ಡಾಕ್ಟರೇ ಬ್ಯಾಡ ಅಂತಾರ. ಆವಾಗ ನಿಮ್ಮನ್ನ ಕೇಳೋರೂ ಇರಂಗಿಲ್ಲ. ಬ್ಯಾಡ ಅನ್ನೋದಾದ್ರ ನೀವಽ ಅನ್ರಿ, ಈ ಹೋಳಿಗಿ ಕಡಿಂದ ಅನಸಬ್ಯಾಡ್ರಿ.”

ಅಕ್ಕ ನನ್ನ ತಾಟನ್ನೇ ನೋಡಿದಳು. ಅವಳ ಎಂಜಲು ಮುಸುರೆಯ ಕಟ್ಟುನಿಟ್ಟು ನಮ್ಮ ಬಳಗಕ್ಕೆಲ್ಲ ಗೊತ್ತಿದ್ದದ್ದೇ. ಒಬ್ಬರ ತಾಟು ಮುಟ್ಟಿದ ಕೈಯಲ್ಲಿ ಇನ್ನೊಬ್ಬರಿಗೆ ನೀರೂ ಕೊಡದವಳು. ಬಡಿಸಿದ್ದನ್ನು ವಾಪಸು ತೆಗೆಯುವುದೆಂದರೆ ಶತ್ರುವಿಗೂ ಮಾಡದ ಅಪಮಾನ ಎನ್ನುತ್ತಿದ್ದವಳು. ಅಂಥವಳು ಕೈ ಚಾಚಿ, ನಾನು ಮುರಿದಿಟ್ಟ ಹೋಳಿಗೆಯ ಚೂರನ್ನೂ ಅದರ ಕೆಳಗಿದ್ದ ಇಡೀ ಹೋಳಿಗೆಯನ್ನೂ ನನ್ನ ತಾಟಿನಿಂದ ಎತ್ತಿಕೊಂಡಳು. ತುಪ್ಪ ಅವಳ ಮೊಣಕೈವರೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

“ಈ ಹುಡುಗಿ ಏನು ಹೇಳ್ತದ ಅದನ್ನ ಉಣ್ಣು” ಎಂದಳು.

ಹೂಂ ಎಂದಳೋ ಊಹೂಂ ಎಂದಳೋ ಆ ದಿನ ನಮಗೆ ತಿಳಿಯಲಿಲ್ಲ. ಆದರೆ ಆಮೇಲೆ ನಾನು ಹೋದಾಗಲೆಲ್ಲ ಮಾನ್ವಿಯಲ್ಲಿ ನನ್ನ ತಾಟಿಗೆ ಒಂದು ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ಬೀಳುತ್ತಿತ್ತು. ಅದಕ್ಕಿಂತ ಹೆಚ್ಚು ಕೇಳಿದರೆ ಅಕ್ಕ ಬೈಯುತ್ತಿದ್ದಳು. ಎಲ್ಲ ಪದ್ಧತಿಯನ್ನೂ ಮಾಳಮ್ಮನಿಗೆ ಫೋನು ಮಾಡಿ ತಾನೇ ಕೇಳಿ ತಿಳಿದುಕೊಂಡಿದ್ದಳು. ಹೋಳಿಗೆಯ ತವೆ ಮೇಲಟ್ಟಕ್ಕೆ ಹೋಯಿತು. ಹೈದರಾಬಾದಿನಲ್ಲಿ ಮತ್ತೆ ತೂಗಿ, ಡಾಕ್ಟರು ಆಗಲಿ ಎಂದ ದಿನ ಅಕ್ಕ ಸಹಿ ಹಾಕಲು ಪೆನ್ನು ಕೇಳಿದಳು. “ಅಷ್ಟು ಉಪವಾಸ ಮಾಡ್ಯಾನ, ಈಗ ಒಲ್ಲೆ ಅಂದ್ರ ಅವನ ಹೊಟ್ಟಿ ಮ್ಯಾಲ ಹೊಡದಂಗ” ಎಂದು ಮಾವನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು.

ಆಪರೇಷನ್ ಆಗಿ ನಾವಿಬ್ಬರೂ ಗಾಯ ಮಾಯಿಸಿಕೊಂಡು ಬರುವಷ್ಟರಲ್ಲಿ ಮಾಳಮ್ಮ ರಾಯಚೂರಿನ ಕೋಣೆ ಬಿಟ್ಟು ದೇವದುರ್ಗದಲ್ಲಿ ಒಂದು ಕೋಣೆ ಹಿಡಿದಿದ್ದರು. ಬಸ್ಸು ಹತ್ತಿ ಬರಲಾಗದ ಬಸುರಿ ಬಾಣಂತಿಯರು ಅಲ್ಲಿ ಬಹಳ ಎನ್ನುವುದು ಅವರ ಕಾರಣ. ಡಾಕ್ಟರು ಹೊರಗೆ ಓಡಾಡಬಹುದು ಎಂದ ಕೂಡಲೇ ಅಕ್ಕ ಆ ಹುಡುಗಿಯನ್ನು ನೋಡಬೇಕೆಂದು ಹಟ ಹಿಡಿದಳು. ಅದೇ ನಾನು ಅವರನ್ನು ಕಂಡ ಕೊನೆಯ ಸಲ. ಆ ವರ್ಷವೇ ಅವರಿಗೆ ಮದುವೆಯಾಗಿ ಸೊಲ್ಲಾಪುರದ ಕಡೆ ಹೋದರು. ಈಗ ಆ ನಂಬರಿಗೆ ಫೋನು ಹೋಗುವುದಿಲ್ಲ.

ಏಪ್ರಿಲ್ ಬಿಸಿಲು. ಕೋಣೆಯ ಬೆಂಚಿನ ಮೇಲೆ ಹಳ್ಳಿಯ ಹೆಂಗಸರು ಸಾಲಾಗಿ ಕೂತಿದ್ದರು. ಮಾಳಮ್ಮ ಎದ್ದು ಬಂದು ಅಕ್ಕನನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಂಗಿ ದೊಡ್ಡದಾಗ್ಯದ, ಹೊಲಿಗಿ ಹಾಕಸ್ರಿ” ಎಂದರು, ಅಷ್ಟೇ. ಅಕ್ಕ ಚೀಲದಿಂದ ಕಾಯಿಸಿ ಆರಿಸಿದ ನೀರಿನ ಬಾಟಲಿ ತೆಗೆದು ಗಟಗಟನೆ ಕುಡಿದಳು. ಡಯಾಲಿಸಿಸ್ ಕಾಲದಲ್ಲಿ ಅವಳಿಗೆ ಇಡೀ ದಿನಕ್ಕೆ ಸಣ್ಣ ಚೊಂಬಿನಷ್ಟು ನೀರು. ಎರಡು ಬೇಸಿಗೆಯನ್ನು ತುಟಿಗೆ ಒದ್ದೆ ಬಟ್ಟೆ ಹಚ್ಚಿಕೊಂಡು ಕಳೆದವಳು. ಮೂತ್ರವೇ ನಿಂತುಹೋಗಿ, ಕುಡಿದ ಆ ಚೂರು ನೀರೂ ಹೊರಗೆ ಬಾರದೆ ಮೈಯಲ್ಲೇ ನಿಂತು, ಕಾಲು ಬಾತು ಕಂಬದಂತಾಗುತ್ತಿದ್ದವು. ಬಾಟಲಿ ಬರಿದು ಮಾಡಿ ಅವಳು ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದಳು. ಆಮೇಲೆ ಕುರ್ಚಿಯಲ್ಲಿ ಅತ್ತಿತ್ತ ಸರಿದಾಡಿ, ನಾಚಿಕೊಂಡು, ಮಾಳಮ್ಮನ ಸೆರಗು ಜಗ್ಗಿದಳು.

“ಯವ್ವಾ, ಇಲ್ಲಿ ಬಚ್ಚಲ ಎಲ್ಲದ? ಅವಸರ ಆಗ್ಯದ.”

ಮಾಳಮ್ಮ ಗಕ್ಕನೆ ನಿಂತರು. ಮುಖ ಅರಳಿತು, ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಎಷ್ಟು ಒತ್ತಿಕೊಂಡರೂ ನಿಲ್ಲಲಿಲ್ಲ. “ಬರ್ರಿ ಯವ್ವಾ, ಬರ್ರಿ” ಎಂದು ಅಕ್ಕನ ಕೈ ಹಿಡಿದು, ಮದುವಣಗಿತ್ತಿಯನ್ನು ಕರೆದುಕೊಂಡು ಹೋಗುವ ಹಾಗೆ ಹಿತ್ತಲ ಕಡೆ ನಡೆಸಿಕೊಂಡು ಹೋದರು.

ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಗಾಬರಿಯಾಗಿ ನನ್ನ ಕಡೆ ಬಾಗಿದಳು. “ಯಪ್ಪಾ, ಮೇಡಂ ಯಾಕ ಅಳಾಕತ್ತಾರ? ಏನಾತು?”

“ಏನಿಲ್ಲ ಯವ್ವಾ” ಎಂದೆ, “ನಮ್ಮಕ್ಕಗ ಬಚ್ಚಲಕ್ಕ ಹೋಗಬೇಕಾಗ್ಯದ.”